ಬಾಸ್ಟನ್‌ನಲ್ಲಿ ಅಚ್ಚಾದ ‘ಪಿನಾಫೋರ್’ ಲಂಡನ್ ಪ್ರತಿಗಿಂತ ಬೇರೆ ಯಾಕೆ?

‘ಪಿನಾಫೋರ್’ ನಾಟಕದ ನಿಮ್ಮ ಬಾಸ್ಟನ್ ಪ್ರತಿ ಲಂಡನ್ ಪ್ರತಿಗೆ ಹೊಂದುತ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಕೈಲಿರುವುದು ಬಹುಶಃ ಅನುಮತಿಯಿಲ್ಲದೆ ಅಚ್ಚಾದ ಪ್ರತಿ. ಅಮೆರಿಕದ ಕಾಪಿರೈಟ್ ಕಾನೂನು 1891ರವರೆಗೆ ವಿದೇಶಿ ಲೇಖಕರಿಗೆ ರಕ್ಷಣೆ ಕೊಡುತ್ತಿರಲಿಲ್ಲ. ಹಾಗಾಗಿ 1878ರ ನವೆಂಬರ್ 25ರಂದು ಬಾಸ್ಟನ್ ಮ್ಯೂಸಿಯಂ ರಂಗಮಂದಿರದಲ್ಲಿ ಇಂಗ್ಲೆಂಡಿನ ನಾಟಕಕಾರ ಗಿಲ್ಬರ್ಟ್ ಮತ್ತು ಸಂಗೀತಗಾರ ಸಲಿವನ್ ಅವರ ಈ ನಗೆ ಸಂಗೀತನಾಟಕ ಅವರನ್ನು ಕೇಳದೆಯೇ ಶುರುವಾಯಿತು. ಆಮೇಲೆ ಊರೂರಲ್ಲಿ ತಂಡಗಳು ಹುಟ್ಟಿಕೊಂಡವು. ಇಷ್ಟಬಂದ ಹಾಗೆ ಮಾತು ತಿದ್ದಿಕೊಂಡರು, ವಾದ್ಯಗಳ ಸಂಗೀತವನ್ನು ಪಿಯಾನೋ ಪುಸ್ತಕ ನೋಡಿಕೊಂಡು ತಾವೇ ಬರೆದುಕೊಂಡರು.

ಮೊದಲು ಮುಖಪುಟದಲ್ಲಿ ವರ್ಷ, ರಂಗಮಂದಿರದ ಹೆಸರು ನೋಡಿ. 1879ರ ಡಿಸೆಂಬರ್ 1ಕ್ಕಿಂತ ಹಿಂದಿನದಾದರೆ ನನ್ನ ಊಹೆ ಸರಿಯಿರುವ ಸಾಧ್ಯತೆ ಜಾಸ್ತಿ. ಲೇಖಕರೇ ಬಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಥಿಯೇಟರಿನಲ್ಲಿ ಆಡಿಸಿದ್ದು ಅಂದೇ. ಆಮೇಲೆ ಹಾಡುಗಳನ್ನು ಲಂಡನ್ ಪ್ರತಿ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ನೋಡಿ. ಹಾಡು ಹೊಂದಿ, ಮಾತು ಮಾತ್ರ ಬೇರೆಯಿದ್ದರೆ ಅದು ಅಲ್ಲಿನ ತಂಡ ಸೇರಿಸಿದ್ದಿರಬಹುದು. ಊರಿನ ಹೆಸರು, ಅಂದಿನ ಸುದ್ದಿ ನುಸುಳಿದ್ದರಂತೂ ಅನುಮಾನ ಬೇಡ. ಅಂಥ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕಿ.

ನಾಟಕ ಆಡಿಸಲು ಲಂಡನ್ ಪ್ರತಿಯನ್ನೇ ಇಟ್ಟುಕೊಳ್ಳಿ. ಬಾಸ್ಟನ್ ಪ್ರತಿಯನ್ನು ಬಿಸಾಡಬೇಡಿ, ಅಂದಿನ ಜನ ಎಲ್ಲಿ ನಗುತ್ತಿದ್ದರು ಅನ್ನೋದು ಅದರಲ್ಲಿದೆ.