ಬಟನ್ ಒತ್ತುವ ಮೊದಲೇ ಸಾಲು ಮಾಯ!

ಪ್ರಶ್ನೆ: ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ‘ಅಳಿಸು’ ಬಟನ್ನಿನ ಆನ್‌ಕ್ಲಿಕ್ (ಒತ್ತಿದಾಗ ಓಡಬೇಕಾದ ಕೋಡ್ ಬರೆಯುವ ಜಾಗ) ಒಳಗೆ, ಡೇಟಾಬೇಸಿನಿಂದ ಒಂದು ಸಾಲು ತೆಗೆದುಹಾಕುವ ಪಿಎಚ್‌ಪಿ ಫಂಕ್ಷನ್ನನ್ನೇ ಬರೆದಿದ್ದೇನೆ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಪುಟ ತೆರೆದ ಕೂಡಲೇ ಮಾತ್ರ ಸಾಲು ಹೋಗಿರುತ್ತದೆ! ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿನಿಂದ ಪಿಎಚ್‌ಪಿ ಫಂಕ್ಷನ್ ಕರೆಯುವುದು ಹೇಗೆ?

ಉತ್ತರ: ಆ ಪುಟದ ‘ವ್ಯೂ ಸೋರ್ಸ್’ನಲ್ಲಿ, ಅಂದರೆ ಬ್ರೌಸರಿಗೆ ತಲುಪಿದ ಕೋಡಿನಲ್ಲಿ, ಕಾಣುವುದು ಇಷ್ಟೇ. ಆನ್‌ಕ್ಲಿಕ್ ಮುಂದೆ ಎರಡು ಉದ್ಧರಣ ಚಿಹ್ನೆ, ನಡುವೆ ಖಾಲಿ. ನೀವು ಬರೆದ ಪಿಎಚ್‌ಪಿ ಎಲ್ಲಿ ಹೋಯಿತು? ಪುಟ ಸಿದ್ಧವಾಗುವಾಗಲೇ ಸರ್ವರಿನಲ್ಲಿ, ಅಂದರೆ ಪುಟ ಕಳಿಸುವ ಕಂಪ್ಯೂಟರಿನಲ್ಲಿ, ಓಡಿ, ಸಾಲನ್ನು ಅಳಿಸಿ, ಕೆಲಸ ಮುಗಿಸಿತು. ಬಟನ್ ತೆರೆಯ ಮೇಲೆ ಮೂಡುವ ಹೊತ್ತಿಗೆ ಅದರ ಪಾಲಿಗೆ ಏನೂ ಉಳಿದಿರಲಿಲ್ಲ.

ನಾಚಿಕೊಳ್ಳಬೇಡಿ. ನಾನೂ ಹೀಗೇ ಮೇಲ್ ಕಳಿಸುವ ಬಟನ್ ಮಾಡಿದ್ದೆ. ‘ಕೆಲಸ ಮಾಡುತ್ತಿಲ್ಲವಲ್ಲ’ ಎಂದು ಎಂಟು ಸಲ ರಿಫ್ರೆಶ್ ಮಾಡಿದೆ. ಮೊದಲ ಸಲ ತೆರೆದದ್ದೂ ಸೇರಿ ಒಂಬತ್ತು ಮೇಲ್ ಹೋಗಿದ್ದವು. ಪುಣ್ಯಕ್ಕೆ ವಿಳಾಸ ನನ್ನದೇ.

ನಿಮ್ಮ ಪ್ರಶ್ನೆಯಲ್ಲಿ ‘ಕರೆಯುವುದು’ ಎಂಬ ಪದವೇ ದಾರಿ ತಪ್ಪಿಸುವುದು. ಬ್ರೌಸರ್ ಸರ್ವರಿನ ಫಂಕ್ಷನ್ನನ್ನು ಕರೆಯಲಾರದು. ಒಂದು ವಿಳಾಸಕ್ಕೆ ಕೋರಿಕೆ ಕಳಿಸಬಲ್ಲದು, ಅಷ್ಟೆ. ಪುಟ ಮತ್ತೆ ಲೋಡ್ ಆಗದೆ ಹಾಗೆ ಕಳಿಸುವ ಸೌಲಭ್ಯ 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೆ ಬಂತು. ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಎಂಬ, ನಾಲಿಗೆ ಹೊರಳದ ಹೆಸರು ಆಮೇಲೆ ಮೊಜಿಲ್ಲಾ ಬ್ರೌಸರಿನಿಂದ ಬಂದದ್ದು. ಈಗ ಬ್ರೌಸರಿನಲ್ಲೇ ಇರುವ ‘ಫೆಚ್’ ಎಂಬ ಜಾವಾಸ್ಕ್ರಿಪ್ಟ್ ಫಂಕ್ಷನ್ ಸಾಕು.

ಅಳಿಸುವ ಪಿಎಚ್‌ಪಿಯನ್ನು ಬೇರೆ ಫೈಲಿಗೆ ಹಾಕಿ, ಅಳಿಸು.ಪಿಎಚ್‌ಪಿ ಎಂದಿಟ್ಟುಕೊಳ್ಳೋಣ. ಬಟನ್ ಒತ್ತಿದಾಗ ಓಡುವ ಜಾವಾಸ್ಕ್ರಿಪ್ಟ್ ಫಂಕ್ಷನ್ನಿನಲ್ಲಿ ಆ ವಿಳಾಸಕ್ಕೆ ಫೆಚ್ ಮಾಡಿ. ಮೆಥಡ್, ಅಂದರೆ ಕೋರಿಕೆಯ ಬಗೆ, ‘ಪೋಸ್ಟ್’ ಇರಲಿ. ಲಿಂಕ್ ತೆರೆದಾಗ ಹೋಗುವ ‘ಗೆಟ್’ ಬೇಡವೇ ಬೇಡ, ಸುಮ್ಮನೆ ಲಿಂಕ್ ಹಿಂಬಾಲಿಸುವ ಸರ್ಚ್ ಬಾಟ್ ಕೂಡ ನಿಮ್ಮ ಸಾಲುಗಳನ್ನು ಅಳಿಸಿಬಿಟ್ಟೀತು. ಸಾಲಿನ ಐಡಿಯನ್ನು ಫಾರ್ಮ್‌ಡೇಟಾದಲ್ಲಿ (ಫಾರ್ಮ್ ತುಂಬಿ ಕಳಿಸಿದ ರೂಪದಲ್ಲಿ) ಕಳಿಸಿ. ಹಲವರು ಜೇಸನ್ ಎಂಬ ಪಠ್ಯರೂಪದಲ್ಲಿ ಕಳಿಸಿ, ಅತ್ತ ಪಿಎಚ್‌ಪಿಯ ಪೋಸ್ಟ್ ಅರೇ (ಬಂದ ಮಾಹಿತಿ ಸೇರುವ ಪಟ್ಟಿ) ಖಾಲಿ ಇದೆಯೆಂದು ತಲೆ ಕೆರೆದುಕೊಳ್ಳುತ್ತಾರೆ. ಜೇಸನ್ ಆ ಅರೇಗೆ ತಾನಾಗಿ ಬಂದು ಸೇರುವುದಿಲ್ಲ, ಕೋರಿಕೆಯ ಕಚ್ಚಾ ಪಠ್ಯವಿರುವ ಇನ್‌ಪುಟ್ ಸ್ಟ್ರೀಮಿನಿಂದ ನೀವೇ ಓದಿ ಬಿಡಿಸಿಕೊಳ್ಳಬೇಕು.

ಉತ್ತರ ತಕ್ಷಣ ಕೈಗೆ ಬರುವುದಿಲ್ಲ. ಫೆಚ್ ಕೊಡುವುದು ಒಂದು ಪ್ರಾಮಿಸ್, ಅಂದರೆ ‘ಉತ್ತರ ಆಮೇಲೆ ಕೊಡುತ್ತೇನೆ’ ಎಂಬ ಮಾತು. ಅದಕ್ಕೆ ಕಾಯುವಂತೆ ‘ಅವೈಟ್’ ಹಾಕದಿದ್ದರೆ ಕೋಡಿನ ಮುಂದಿನ ಸಾಲು ಕಾಯದೆ ಓಡುತ್ತದೆ. ಇನ್ನೊಂದು ಹಳ್ಳವಿದೆ, ನಾನು ಬಿದ್ದೇ ಕಲಿತದ್ದು: ಸರ್ವರ್ 500 (ಒಳಗೇ ಏನೋ ಕೆಟ್ಟಿದೆ) ಎಂದು ಅರಚಿಕೊಂಡರೂ ಫೆಚ್ ಅದನ್ನು ಸೋಲೆಂದು ಎಣಿಸುವುದಿಲ್ಲ. ನೆಟ್‌ವರ್ಕ್ ಕಡಿದರಷ್ಟೇ ಸೋಲನ್ನು ಹಿಡಿಯುವ ‘ಕ್ಯಾಚ್’ಗೆ ಬರುತ್ತದೆ, 404 (ವಿಳಾಸದಲ್ಲಿ ಏನೂ ಸಿಗಲಿಲ್ಲ), 500 ಎಲ್ಲ ‘ಉತ್ತರ ಬಂತು’ ಲೆಕ್ಕವೇ. ಹಾಗಾಗಿ ರೆಸ್ಪಾನ್ಸಿನ (ಬಂದ ಉತ್ತರದ) ‘ಓಕೆ’ ಟ್ರೂ ಇದೆಯೆಂದು ನೋಡಿದ ಮೇಲೆಯೇ ತೆರೆಯಿಂದ ಸಾಲು ತೆಗೆಯಿರಿ.

ಕೋರಿಕೆ ನಿಮ್ಮ ಬಟನ್ನಿನಿಂದಲೇ ಬರಬೇಕೆಂದೇನಿಲ್ಲ. ವಿಳಾಸ ಗೊತ್ತಿರುವ ಯಾರಾದರೂ ಕಳಿಸಬಹುದು, ಐಡಿ ಬದಲಿಸಿಯೂ ಕಳಿಸಬಹುದು. ಲಾಗಿನ್ ಆದವರೇ, ಸಾಲು ಅವರದ್ದೇ ಎಂದು ಅಳಿಸು.ಪಿಎಚ್‌ಪಿ ಪರೀಕ್ಷಿಸಲಿ, ಕೋರಿಕೆ ನಿಮ್ಮ ಪುಟದಿಂದಲೇ ಬಂದಿದೆಯೆಂದು ತೋರಿಸುವ ಗುಟ್ಟಿನ ಗುರುತಾದ ಸಿಎಸ್‌ಆರ್‌ಎಫ್ ಟೋಕನ್ನನ್ನೂ ಕೇಳಲಿ. ಬಟನ್ ಬಚ್ಚಿಟ್ಟರೆ ಭದ್ರತೆಯಾಗುವುದಿಲ್ಲ.

ಇದೆಲ್ಲ ನಿಧಾನ ಮಾಡಿ. ಈಗಲೇ ಮಾಡಬೇಕಾದ್ದು, ಆ ಆನ್‌ಕ್ಲಿಕ್ ಒಳಗಿನ ಪಿಎಚ್‌ಪಿ ಕಿತ್ತುಹಾಕುವುದು. ಸರಿಯಾಯಿತೇ ಎಂದು ಪುಟ ತೆರೆದು ನೋಡುವುದು ಅದಾದ ಮೇಲೆ.