ಸ್ಕ್ಯಾನ್ ಚೆನ್ನಾಗಿದೆ ಅಂದ ಮೇಲೂ ಲೆಕ್ಕ ಯಾಕೆ ತಪ್ಪುತ್ತೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಬಗ್ಗೆ ಬರುವ ಪತ್ರಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. 'ಸ್ಕ್ಯಾನ್ ಚೆನ್ನಾಗಿದೆ ಅಂದರು, ಹಾಗಾದರೆ ಇವರಿಗೆ ಏನಾಗಿದೆ?' ಹಾಸನದಲ್ಲಿ ನರರೋಗಿಗಳನ್ನು ನೋಡುವ ನನಗೆ ಇದನ್ನು ಕೇಳಿ ಕೇಳಿ ಸಿಟ್ಟೇ ಬಂದಿದೆ. ಕೇಳಿದವರ ಮೇಲಲ್ಲ, ಅಷ್ಟು ಹೇಳಿ ಕೈತೊಳೆದುಕೊಂಡ ವೈದ್ಯರ ಮೇಲೆ. ಎಂ.ಎಸ್. ಅಂದರೆ ಮಿದುಳು, ಬೆನ್ನುಹುರಿಯಲ್ಲಿ ಅಲ್ಲಲ್ಲಿ ಗಾಯ ಮಾಡುವ ನರದ ಕಾಯಿಲೆ; ಅದು ಯಾಕೆ ಬರುತ್ತೆ ಅನ್ನೋದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಪತ್ರ ಬರೆದವರೆಲ್ಲ ಅದರ ಜೊತೆಗೇ ಬದುಕುತ್ತಿರುವವರು.

ಪ್ರಶ್ನೆ: ನಮ್ಮ ಯಜಮಾನರಿಗೆ 41 ವರ್ಷ. ಮೂಡಿಗೆರೆ ಹತ್ತಿರ ಕಾಫಿ ತೋಟದಲ್ಲಿ ರೈಟರು. ಆರು ವರ್ಷದಿಂದ ಎಂ.ಎಸ್. ಇದೆ, ಔಷಧಿ ನಡೆಯುತ್ತಿದೆ. ಓಡಾಟಕ್ಕೆ ತೊಂದರೆ ಇಲ್ಲ. ಆದರೆ ಸಂಜೆ ಹಣ್ಣು ತೂಕ ಹಾಕುವಾಗ ಹೆಸರು, ಕೆ.ಜಿ. ಕೂಗಿದ್ದನ್ನು ಬರೆದುಕೊಳ್ಳಲು ತಡವರಿಸುತ್ತಾರೆ. ಎರಡು ಸಲ ಬಟವಾಡೆ ಲೆಕ್ಕ ತಪ್ಪಿ ಸಾಹುಕಾರರಿಗೆ ಅನುಮಾನ ಬಂದಿದೆ. ಎಂಆರ್‌ಐ ಮಾಡಿಸಿದರೆ 'ಹೊಸ ಮಚ್ಚೆ ಇಲ್ಲ' ಎಂದು ಬಂತು. ಮನೆಯವರು ಸೋಮಾರಿತನ ಅನ್ನುತ್ತಾರೆ. ನಾನು ಯಾರನ್ನು ನಂಬಲಿ?

ಉತ್ತರ: ನಿಮ್ಮ ಯಜಮಾನರನ್ನು ನಂಬಿ ತಾಯಿ.

'ಹೊಸ ಮಚ್ಚೆ ಇಲ್ಲ' ಅಂದರೆ ಹಿಂದಿನ ಸ್ಕ್ಯಾನ್ ಆದಮೇಲೆ ಕಣ್ಣಿಗೆ ಕಾಣುವಂಥ ಹೊಸ ಗಾಯ ಆಗಿಲ್ಲ ಅಂತ ಅಷ್ಟೇ. ಅದು ಒಳ್ಳೆಯ ಸುದ್ದಿಯೇ, ಔಷಧಿ ಕೆಲಸ ಮಾಡುತ್ತಿದೆ. ಆದರೆ ಅವರ ಯೋಚನೆ ಎಷ್ಟು ಚುರುಕಾಗಿದೆ ಅನ್ನೋದರ ಬಗ್ಗೆ ಆ ಸಾಲು ಏನೂ ಹೇಳುವುದಿಲ್ಲ.

ಇದು ಹೊಸ ವಿಷಯವೂ ಅಲ್ಲ. ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದ ಫ್ರಾನ್ಸಿನ ವೈದ್ಯ ಷಾರ್ಕೋ 1868ರಲ್ಲೇ ನೆನಪು ಕುಗ್ಗುವುದನ್ನು, ಯೋಚನೆ ನಿಧಾನವಾಗುವುದನ್ನು ಗುರುತಿಸಿದ್ದರು. 1991ರಲ್ಲಿ ಅಮೆರಿಕದ ಸ್ಟೀಫನ್ ರಾವ್ ತಂಡ 100 ಮಂದಿ ಎಂ.ಎಸ್. ಇರುವವರನ್ನು, 100 ಮಂದಿ ಆರೋಗ್ಯವಂತರ ಜೊತೆ ಹೋಲಿಸಿ ಪರೀಕ್ಷೆ ಮಾಡಿತು. ಶೇ 43ರಷ್ಟು ಮಂದಿಗೆ ಈ ತೊಂದರೆ ಇರಬಹುದು ಎಂದು ಲೆಕ್ಕ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ವೇಗಕ್ಕೆ. ಕೇಳಿದ್ದನ್ನು ಹಿಡಿದು, ಅರ್ಥ ಮಾಡಿಕೊಂಡು, ಬರೆಯುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ. ನಿಮ್ಮ ತೋಟದ ತೂಕದ ಹೊತ್ತು ಇದೇ ಅಲ್ವಾ? ಒಬ್ಬರ ಹೆಸರು ಬರೆಯುವಾಗಲೇ ಇನ್ನೊಬ್ಬರ ಕೆ.ಜಿ. ಕೂಗಿರುತ್ತಾರೆ. ಬುದ್ಧಿ ಹಾಗೇ ಇದೆ, ವೇಗ ಸಾಲುತ್ತಿಲ್ಲ.

ಸ್ಕ್ಯಾನ್‌ನಲ್ಲಿ ಇದು ಯಾಕೆ ಕಾಣುವುದಿಲ್ಲ? ಮಾಮೂಲಿ ಎಂಆರ್‌ಐ ಫಿಲ್ಮ್‌ನಲ್ಲಿ ಬೂದು ಬಣ್ಣದ ಮೇಲೆ ಸುಣ್ಣದ ಹನಿ ಬಿದ್ದ ಹಾಗೆ ಕಾಣುವ ಮಚ್ಚೆಗಳು ಹೆಚ್ಚಾಗಿ ಮಿದುಳಿನ ಬಿಳಿ ಭಾಗದವು. ಎಲ್ಲರೂ ಅವನ್ನೇ ಎಣಿಸುತ್ತಾರೆ. ಆದರೆ ಮಚ್ಚೆಗಳ ಒಟ್ಟು ಪ್ರಮಾಣಕ್ಕೂ ಬುದ್ಧಿ ಪರೀಕ್ಷೆಯ ಅಂಕಕ್ಕೂ ಇರುವ ನಂಟು ಸಡಿಲ. ಪೂರ್ತಿ ಹೊಂದಿಕೆ ಇದ್ದರೆ 1 ಅನ್ನುವ ಲೆಕ್ಕದಲ್ಲಿ ಅದು ಬರುವುದು 0.3ರ ಆಸುಪಾಸಿಗೆ. ತಲೆ ತುಂಬ ಮಚ್ಚೆ ಇದ್ದೂ ಪಾಠ ಮಾಡುವ ಮೇಷ್ಟ್ರು ಇದ್ದಾರೆ. ನಾಲ್ಕೇ ಮಚ್ಚೆ ಇದ್ದು ಮನೆ ಖರ್ಚಿನ ಲೆಕ್ಕ ಬಿಟ್ಟವರೂ ಇದ್ದಾರೆ.

ಮಿದುಳಿನ ಹೊರಪದರದಲ್ಲೂ ಗಾಯ ಆಗುತ್ತದೆ. ಅಲ್ಲಿನ ಬಹುಪಾಲು ಗಾಯಗಳು ಮಾಮೂಲಿ ಸ್ಕ್ಯಾನ್‌ಗೆ ಸಿಗುವುದೇ ಇಲ್ಲ. 2005ರ ಸುಮಾರಿಗೆ ನೆದರ್‌ಲೆಂಡ್ಸ್‌ನ ಸಂಶೋಧಕರು ಬೇರೆ ಬಗೆಯ ಎಂಆರ್‌ಐ ವಿಧಾನ ಬಳಸಿದಾಗ ಮೊದಲಿಗಿಂತ ಜಾಸ್ತಿ ಕಂಡವು. ಆಗಲೂ ಎಷ್ಟೋ ಗಾಯ ಉಳಿದೇ ಹೋದವು.

ಇನ್ನೊಂದು ಜಾಗ ಥಾಲಮಸ್, ಮಿದುಳಿನ ಆಳದಲ್ಲಿ ಸುದ್ದಿಗಳು ಬಂದು ಹಂಚಿಹೋಗುವ ಭಾಗ. ನಮ್ಮ ಅರಸೀಕೆರೆ ಜಂಕ್ಷನ್ ಇದ್ದ ಹಾಗೆ ಅದು. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗುವ ಗಾಡಿಯೂ ಅಲ್ಲಿಗೇ ಬರಬೇಕು, ಹಾಸನ, ಮೈಸೂರಿಗೆ ತಿರುಗುವುದೂ ಅಲ್ಲೇ. ದೂರದಲ್ಲಿ ಹಳಿ ಕಿತ್ತುಹೋಗುತ್ತಾ ಬಂದರೆ ಜಂಕ್ಷನ್ನೂ ಸೊರಗುತ್ತದೆ. ಎಂ.ಎಸ್.ನಲ್ಲಿ ಥಾಲಮಸ್ ಸವೆಯುವುದಕ್ಕೂ ಯೋಚನೆ ನಿಧಾನವಾಗುವುದಕ್ಕೂ ಇರುವ ನಂಟು, ಮಚ್ಚೆಗಳ ನಂಟಿಗಿಂತ ಗಟ್ಟಿ ಎಂದು ಹಲವು ಅಧ್ಯಯನಗಳು ತೋರಿಸಿವೆ. ಎಡ, ಬಲ ಎರಡು ಥಾಲಮಸ್‌ಗಳ ನಡುವೆ ನೀರು ತುಂಬಿದ ಒಂದು ಸಣ್ಣ ಸೀಳು ಇದೆ. ಒಬ್ಬ ರೋಗಿಯ ಹಳೆಯ, ಹೊಸ ಫಿಲ್ಮ್‌ಗಳನ್ನು ದೀಪದ ಪೆಟ್ಟಿಗೆ ಮೇಲೆ ಪಕ್ಕಪಕ್ಕ ಇಟ್ಟು ನೋಡಿದಾಗ, ಮೊದಲು ಪೆನ್ಸಿಲ್ ಗೀಟಿನ ಹಾಗಿದ್ದ ಆ ಸೀಳು ಎಂಟು ವರ್ಷದಲ್ಲಿ ಹುಣಿಸೆ ಬೀಜ ತೂರುವಷ್ಟು ಅಗಲವಾಗಿತ್ತು. ಅವರ ವರದಿಯಲ್ಲೂ 'ಹೊಸ ಮಚ್ಚೆ ಇಲ್ಲ' ಎಂದೇ ಬರೆದಿತ್ತು.

ಕೆಲಸ ಮಾಡುತ್ತಿರುವ ಮಿದುಳನ್ನೇ ನೋಡುವ ಫಂಕ್ಷನಲ್ ಎಂಆರ್‌ಐ ಇನ್ನೊಂದು ಸಂಗತಿ ತೋರಿಸಿತು. ಕಾಯಿಲೆ ಶುರುವಿನಲ್ಲಿ ಎಷ್ಟೋ ಜನ ಪರೀಕ್ಷೆಯಲ್ಲಿ ಬೇರೆಯವರಷ್ಟೇ ಅಂಕ ತೆಗೆಯುತ್ತಾರೆ. ಆದರೆ ಅಷ್ಟೇ ಕೆಲಸಕ್ಕೆ ಮಿದುಳಿನ ಹೆಚ್ಚು ಭಾಗ ದುಡಿಯುತ್ತಿರುತ್ತದೆ. ಶಿರಾಡಿ ಘಾಟ್ ಕುಸಿದಾಗ ಚಾರ್ಮಾಡಿ ಸುತ್ತಿ ಮಂಗಳೂರು ಸೇರಿದ ಹಾಗೆ. ಊರು ಸೇರುತ್ತೀರಿ, ಸುಸ್ತಾಗಿ ಸೇರುತ್ತೀರಿ. ಕಾಯಿಲೆ ಮುಂದುವರಿದಂತೆ ಆ ಸುತ್ತುದಾರಿಯ ಬಲವೂ ಕುಗ್ಗುತ್ತದೆ. ನಿಮ್ಮ ಯಜಮಾನರು ಸಂಜೆ ತೂಕದ ಹೊತ್ತಿಗೆ ತಡವರಿಸುವುದು ನನಗೆ ಆಶ್ಚರ್ಯ ತರುವುದಿಲ್ಲ.

ಹಾಗಂತ ಅವರಿಗೆ ಫಂಕ್ಷನಲ್ ಎಂಆರ್‌ಐ ಮಾಡಿಸಿ ಎಂದು ಹೊರಡಬೇಡಿ. ಈ ಫಲಿತಾಂಶಗಳೆಲ್ಲ ಹತ್ತಾರು ಜನರ ಸರಾಸರಿ. ಒಬ್ಬ ಮನುಷ್ಯನ ಬಣ್ಣದ ಚಿತ್ರ ನೋಡಿ 'ಇವರ ನೆನಪು ಇಷ್ಟು' ಎಂದು ಹೇಳಲು ಇವತ್ತು ಯಾರಿಗೂ ಬರುವುದಿಲ್ಲ. 'ಬ್ರೈನ್ ಮ್ಯಾಪಿಂಗ್' ಎಂದು ಕೆಂಪು, ಹಸಿರು ಚಿತ್ರ ಕೊಟ್ಟು ಸಾವಿರಾರು ರೂಪಾಯಿ ಕೀಳುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಬೇಕಾಗಿರುವುದು ಒಂದು ಹಾಳೆ, 90 ಸೆಕೆಂಡು. ಎಸ್‌ಡಿಎಂಟಿ ಅಂತ ಪರೀಕ್ಷೆ. ಮೇಲೆ ಒಂಬತ್ತು ಗುರುತು, ಪ್ರತಿಯೊಂದಕ್ಕೂ 1ರಿಂದ 9ರೊಳಗೆ ಒಂದು ಅಂಕಿ. ಕೆಳಗೆ ಸಾಲುಸಾಲು ಗುರುತುಗಳು. ನೋಡಿ ಅಂಕಿ ಹೇಳುತ್ತಾ ಹೋಗಬೇಕು. ಕೆಲವರು ನಾಲ್ಕೈದು ಗುರುತಾದ ಮೇಲೆ ಮೇಲಿನ ಸಾಲನ್ನು ನೋಡುವುದು ಕಡಿಮೆ ಮಾಡುತ್ತಾರೆ. ಇನ್ನು ಕೆಲವರ ಬೆರಳು ಕೊನೆಯವರೆಗೂ ಪ್ರತಿ ಗುರುತಿಗೂ ಮೇಲೆ ಹೋಗಿ ಕೆಳಗೆ ಬರುತ್ತಿರುತ್ತದೆ. ಹಿಂದಿನ ಸಲಕ್ಕಿಂತ 4 ಅಂಕ ಇಳಿದರೂ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಮಾಡಿಸಿ, ಅಂಕವನ್ನು ಫೈಲಿನಲ್ಲಿ ಬರೆಸಿಕೊಳ್ಳಿ. ನಿಮ್ಮ ವೈದ್ಯರು ಮಾಡದಿದ್ದರೆ ಕೇಳಿ, ಸಂಕೋಚ ಬೇಡ.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು 'ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಹಾಕೋಕೆ ಆಗ್ತಿಲ್ಲ ಡಾಕ್ಟ್ರೇ' ಅಂದರು. ನಾನು ಫಿಲ್ಮ್ ನೋಡಿ 'ಏನೂ ಇಲ್ಲಮ್ಮ, ಧೈರ್ಯವಾಗಿರಿ' ಎಂದು ಕಳಿಸಿದೆ. ಎರಡು ವರ್ಷ ಅವರು ವಾಪಸ್ ಬರಲಿಲ್ಲ. ಬಂದಾಗ ಅಂಗಡಿ ಮುಚ್ಚಿತ್ತು. ಆವತ್ತಿನಿಂದ ಹಾಳೆ ಇಲ್ಲದೆ ನಾನು ಎಂ.ಎಸ್. ರೋಗಿಯನ್ನು ನೋಡಿಲ್ಲ.

ಅಂಕ ಕಡಿಮೆ ಬಂದರೆ ಎಲ್ಲವನ್ನೂ ಎಂ.ಎಸ್. ಮೇಲೆ ಹೊರಿಸಬೇಡಿ. ಬಿ12, ಥೈರಾಯ್ಡ್ ನೋಡಿಸಿ. ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯಾ ಕೇಳಿ. ಮೂತ್ರ ಪದೇ ಪದೇ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆಯೂ ಕೆಲವರ ನೆನಪನ್ನು ಮಂಕು ಮಾಡುತ್ತದೆ. ಮೈ ಬಿಸಿಯಾದರೂ ಎಂ.ಎಸ್. ಲಕ್ಷಣಗಳು ಏರುತ್ತವೆ.

ಸಾಹುಕಾರರ ಹತ್ತಿರ ನೀವೇ ಹೋಗಿ ಮಾತಾಡಿ. ತೂಕದ ಹೊತ್ತಿಗೆ ಒಬ್ಬರು ಕೂಗಲಿ, ಇವರು ಬರೆದು ತಿರುಗಿ ಓದಿ ಹೇಳಲಿ, ಆಮೇಲೆ ಮುಂದಿನ ಹೆಸರು. ಬಟವಾಡೆ ಲೆಕ್ಕ ಮಾರನೇ ದಿನ ಬೆಳಿಗ್ಗೆ, ರೇಡಿಯೋ ಆಫ್ ಮಾಡಿ ಕೂತು ಮಾಡಲಿ. ಯೋಚನೆ ನಿಧಾನವಾಗುವುದಕ್ಕೆ ಮಾತ್ರೆ ಇಲ್ಲ. ಎಂ.ಎಸ್. ಔಷಧಿಯನ್ನು ಮಾತ್ರ ಒಂದು ದಿನವೂ ಬಿಡಬೇಡಿ.

ಪ್ರಶ್ನೆ: ಕುತ್ತಿಗೆಯ ರಕ್ತನಾಳಕ್ಕೆ ಬಲೂನ್ ಹಾಕಿಸಿದರೆ ಎಂ.ಎಸ್. ವಾಸಿಯಾಗುತ್ತಂತೆ, ಹೌದಾ? (ಸಕಲೇಶಪುರ)

ಉತ್ತರ: ಇಲ್ಲ. 2009ರಲ್ಲಿ ಈ ವಾದ ಹುಟ್ಟುಹಾಕಿದ ಇಟಲಿಯ ವೈದ್ಯ ಜಂಬೋನಿ ಅವರೇ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು, ಉಪಯೋಗ ಇಲ್ಲ ಎಂದು ತೋರಿಸಿತು. ಇನ್ನೂ ಇದನ್ನು ಮಾರುವವರು ನಿಮ್ಮ ಜಮೀನಿನ ಮೇಲೆ ಕಣ್ಣಿಟ್ಟಿದ್ದಾರೆ.

ಪ್ರಶ್ನೆ: ಒಂದೆಲಗ ತಿಂದರೆ ನೆನಪು ವಾಪಸ್ ಬರುತ್ತಾ? ನಾಟಿ ವೈದ್ಯರು ಒಂದು ಪುಡಿಯನ್ನೂ ಕೊಟ್ಟಿದ್ದಾರೆ. (ಆಲೂರು)

ಉತ್ತರ: ತಂಬುಳಿ ಊಟಕ್ಕೆ ಚೆನ್ನಾಗಿರುತ್ತದೆ, ತಿನ್ನಿ. ಪುಡಿ ಎಸೆಯಿರಿ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಸೀಸ ಸಿಕ್ಕಿದ ಉದಾಹರಣೆಗಳಿವೆ.

ಪ್ರಶ್ನೆ: ಎಂ.ಎಸ್.ನ ಮರೆವು ಮುಂದೆ ಅಲ್ಝೈಮರ್ ಆಗುತ್ತಾ? (ಕಡೂರು)

ಉತ್ತರ: ಇಲ್ಲ. ಎರಡೂ ಬೇರೆ ಬೇರೆ ಕಾಯಿಲೆ.

ಪ್ರಶ್ನೆ: ಮೇಲ್ನೋಟಕ್ಕೆ ಚೆನ್ನಾಗಿ ಕಾಣುವವರಿಗೂ ಅಂಗವಿಕಲರ ಕಾರ್ಡ್ ಸಿಗುತ್ತಾ? (ಹೊಳೆನರಸೀಪುರ)

ಉತ್ತರ: ಅರ್ಜಿ ಹಾಕಲು ಹಕ್ಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಸ್ಪಷ್ಟವಾಗಿದೆ. ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ, ತಪಾಸಣೆಗೆ ಹೋಗುವಾಗ ಎಂಆರ್‌ಐ ಫಿಲ್ಮ್ ಜೊತೆ ಎಸ್‌ಡಿಎಂಟಿ ಹಾಳೆಗಳನ್ನೂ ತಗೊಂಡು ಹೋಗಿ. ಮೂರು ವರ್ಷದ ಹಾಳೆಗಳಿದ್ದರೆ ಮೂರನ್ನೂ, ದಿನಾಂಕದ ಕ್ರಮದಲ್ಲಿ ಇಟ್ಟು.