ಮಾತು ಮುಗಿಸಲು ಬಿಡಿ

ಈ ವಾರದ ಪತ್ರವೊಂದನ್ನು ಓದಿ ಮೈಯೆಲ್ಲ ಉರಿದುಹೋಯಿತು. ಬರೆದಾಕೆ ಬೆಂಗಳೂರಿನ ಸುದ್ದಿವಾಹಿನಿಯೊಂದರ ವರದಿಗಾರ್ತಿ. ಪ್ರವಾಹ, ಚುನಾವಣೆ, ಕೋರ್ಟು ಎಲ್ಲ ಕಂಡವರು. ಮೆಚ್ಚಿದ ಹುಡುಗ ಹಳೆಯ ಸಂಸ್ಥಾನದ ಮನೆತನದವನು. ಮುಂದಿನ ತಿಂಗಳು ನಿಶ್ಚಿತಾರ್ಥ. ಅಷ್ಟರೊಳಗೆ ರಾಜೀನಾಮೆ ಕೊಡಬೇಕೆಂಬುದು ಆ ಮನೆಯ ಷರತ್ತು. ‘ಸ್ಪೇನಿನ ರಾಣಿಯೂ ಟಿವಿಯಲ್ಲಿ ವಾರ್ತೆ ಓದುತ್ತಿದ್ದವಳೇ, ಮದುವೆಗೆಂದು ಕೆಲಸ ಬಿಡಲಿಲ್ಲವೇ?’ ಎಂದು ನಾದಿನಿಯಾಗುವವಳು ಕೇಳಿದ್ದಾಳೆ. ಬಿಡಲೋ ಬೇಡವೋ ಎಂಬುದು ಪ್ರಶ್ನೆ.

ತಂಗೀ, ನಾದಿನಿಯ ಉದಾಹರಣೆಯನ್ನೇ ಹಿಡಿದು ನೋಡೋಣ. ಆ ರಾಣಿ ಲೆಟಿಜಿಯಾ ಓರ್ಟಿಸ್, ಸ್ಪೇನಿನ ಓವಿಯೆಡೊ ಊರಿನವರು. ಅಪ್ಪ ಪತ್ರಕರ್ತ, ಅಮ್ಮ ನರ್ಸ್, ಅಜ್ಜಿ ರೇಡಿಯೊದಲ್ಲಿ ಹೆಸರು ಮಾಡಿದವರು. ಮೂವತ್ತರೊಳಗಿನ ಪತ್ರಕರ್ತರಿಗೆ ಮ್ಯಾಡ್ರಿಡ್ ಪತ್ರಕರ್ತರ ಸಂಘ ಕೊಡುವ ಪ್ರಶಸ್ತಿ ಆಕೆಗೆ ಸಿಕ್ಕಿತ್ತು. 2001ರ ದಾಳಿಯ ನಂತರ ನ್ಯೂಯಾರ್ಕಿನಿಂದ, ಪ್ರೆಸ್ಟೀಜ್ ಹಡಗಿನ ಎಣ್ಣೆ ಸ್ಪೇನಿನ ಗಲೀಸಿಯಾದ ಕರಾವಳಿಗೆ ಬಡಿದಾಗ ಅಲ್ಲಿಂದ, 2003ರಲ್ಲಿ ಇರಾಕಿನಿಂದ ವರದಿ ಮಾಡಿದರು. ಅಕ್ಟೋಬರ್ 31ರಂದು ಕೊನೆಯ ವಾರ್ತೆ ಓದಿದರು, ಮಾರನೆಯ ದಿನವೇ ರಾಜಕುಮಾರ ಫೆಲಿಪೆ ಜೊತೆ ಮದುವೆಯೆಂದು ಅರಮನೆ ಪ್ರಕಟಿಸಿತು. ಕೆಲಸ ಬಿಟ್ಟದ್ದು ನಿಜ. ಸರ್ಕಾರಿ ವಾಹಿನಿಯಲ್ಲಿ ಕುಳಿತು ಗಂಡನ ಮನೆಯ ಸುದ್ದಿ ಓದಲು ಬರುತ್ತದೆಯೇ? ಆದರೆ ಅತ್ತ ಇನ್ನೊಂದು ಕೆಲಸ ಕಾದಿತ್ತು. ಇವತ್ತಿಗೂ ರಾಣಿಯ ವಾರ್ಷಿಕ ಭತ್ಯೆ ಎಷ್ಟೆಂದು ಅರಮನೆಯೇ ಲೆಕ್ಕ ಕೊಡುತ್ತದೆ.

ನಿಮಗೆ ಕಾದಿರುವುದೇನು? ನಮ್ಮಲ್ಲಿ ಹಳೆಯ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೂ ಬಿರುದುಗಳ ಮಾನ್ಯತೆಯೂ 1971ರಲ್ಲೇ ಹೋದವು. ಉಳಿದದ್ದು ಗೋಡೆಯ ಮೇಲಿನ ತೈಲಚಿತ್ರಗಳು. ಅವುಗಳ ಧೂಳು ಹೊಡೆಯಲು ವರದಿಗಾರ್ತಿಯೇ ಆಗಬೇಕಿಲ್ಲ.

ನನ್ನನ್ನು ಕೆರಳಿಸಿದ್ದು ಮಾತ್ರ ಇದಲ್ಲ, ಪತ್ರದ ತುದಿಯಲ್ಲಿ ನೀವು ಕಂಸದೊಳಗೆ ತುರುಕಿದ ಸಂಗತಿ. ಹಿರಿಯರು ಸೇರಿದ ದಿನ ಹುಡುಗನ ದೊಡ್ಡಪ್ಪ ನಿಮ್ಮ ಕೆಲಸದ ಬಗ್ಗೆ ಕೇಳಿದರು. ನೀವು ಬಾಯಿ ತೆರೆಯುವಷ್ಟರಲ್ಲಿ ಹುಡುಗ, ‘ಅದೆಲ್ಲ ಮದುವೆಯ ತನಕ ಅಷ್ಟೇ ದೊಡ್ಡಪ್ಪ’ ಎಂದುಬಿಟ್ಟ. ‘ಅದೇನು ದೊಡ್ಡ ವಿಷಯವಲ್ಲ ಬಿಡಿ’ ಎಂದು ಬೇರೆ ಬರೆದಿದ್ದೀರಿ. ಮಂತ್ರಿಗಳ ಬಾಯಿಗೆ ಮೈಕು ಹಿಡಿದು ಉತ್ತರ ಕಸಿಯುವವರು ನೀವು!

ಮದುವೆ ಪ್ರಕಟವಾದ 2003ರ ನವೆಂಬರಿನಲ್ಲೇ ಲೆಟಿಜಿಯಾ ತಮ್ಮ ವೃತ್ತಿಯ ಮುಂದಿನ ದಾರಿ ಏನೆಂದು ಪತ್ರಕರ್ತರಿಗೆ ಹೇಳುತ್ತಿದ್ದರು. ಫೆಲಿಪೆ ನಡುವೆ ಬಾಯಿ ಹಾಕಿದರು. ‘ನನ್ನ ಮಾತು ಮುಗಿಸಲು ಬಿಡು’ ಎಂದರು ಆಕೆ, ಕ್ಯಾಮೆರಾಗಳ ಎದುರೇ. ಸೊಕ್ಕಿನವಳು ಎಂದು ಎಷ್ಟೋ ಮಂದಿ ಮೂಗು ಮುರಿದರು. 2004ರ ಮೇ 22ರಂದು ಮದುವೆ ನಡೆದೇ ನಡೆಯಿತು. ಹತ್ತು ವರ್ಷಕ್ಕೆ ಆಕೆ ರಾಣಿಯಾದರು. ನಾದಿನಿ ಪಾಪ, ಉದಾಹರಣೆಯನ್ನು ಅರ್ಧ ಮಾತ್ರ ಓದಿಕೊಂಡಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿರುವುದು ನಿಮ್ಮ ತಾಯಿಯ ಮೇಲೆ. ಪಕ್ಕದಲ್ಲೇ ಕುಳಿತು, ‘ಇಂಥ ಮನೆ ಸಿಗುವುದೇ ಪುಣ್ಯ, ಸುಮ್ಮನಿರು’ ಎಂದು ಮೊಣಕೈ ಚಿವುಟಿದರಂತೆ. ಹೆಣ್ಣಿನ ಬಾಯಿ ಮುಚ್ಚಿಸುವವರು ಬಹುಪಾಲು ಅವಳ ಕಡೆಯವರೇ ಎಂದು ಈ ಅಂಕಣದಲ್ಲಿ ಬರೆದು ಬರೆದು ಸಾಕಾಗಿದೆ. ಸಂಬಳದ ಖಾತೆ ಮುಚ್ಚಬೇಡಿ ಎಂದೂ ಬರೆದಿದ್ದೇನೆ, ಅದನ್ನು ಯಾರೂ ಕೇಳುವುದಿಲ್ಲ.

ಇರಲಿ. ರಾಜೀನಾಮೆಯ ಮಾತು ಆಮೇಲೆ. ಈ ಭಾನುವಾರ ಆ ಮನೆಗೆ ಹೋಗಿ, ತಾಯಿಯನ್ನು ಕರೆದೊಯ್ಯಬೇಡಿ. ಹುಡುಗನೂ ಇರುವಾಗ ದೊಡ್ಡಪ್ಪನ ಎದುರು ನಿಮ್ಮ ಕೆಲಸದ ವಿಷಯ ನೀವೇ ಎತ್ತಿ. ಅವನು ನಡುವೆ ಬಂದರೆ, ‘ನನ್ನ ಮಾತು ಮುಗಿಸಲು ಬಿಡಿ’ ಎನ್ನಿ. ಸುಮ್ಮನಾಗಿ ಕೇಳಿಸಿಕೊಂಡರೆ ನಿಶ್ಚಿತಾರ್ಥ ಗೊತ್ತಾದ ದಿನವೇ ಆಗಲಿ. ಮುಖ ಗಂಟಿಕ್ಕಿದರೆ, ಛತ್ರಕ್ಕೆ ಕೊಟ್ಟ ಮುಂಗಡ ಹೋದರೆ ಹೋಗಲಿ.